ಎರಡನೇ ಓಟ

ಆರಕ್ಕೇ ಹಾಜರಾಗಿತ್ತು ಮಳೆ,
ಫೀಸು ಕಟ್ಟಿ ಹೆಸರು ಕೊಟ್ಟವರ ಹಾಗೆ.
ದುರ್ಗಕ್ಕೆ ಅಪರೂಪದ ಜಡಿ, ಮೂರು ದಿನದಿಂದ ಬಿಟ್ಟಿಲ್ಲ.
ನನ್ನ ನಂಬರು ನೂರ ಹದಿನೇಳು.
ನಾಲ್ಕು ಪಿನ್ನಲ್ಲಿ ಒಂದು ಎಲ್ಲೋ ಬಿದ್ದು
ಕಾಗದದ ಒಂದು ಮೂಲೆ
ಹೊಟ್ಟೆಯ ಮೇಲೆ ಪಟಪಟ ಅನ್ನುತ್ತಿತ್ತು.

ಸ್ಟೇಡಿಯಮ್ಮಿನ ಹಿಂದೆ ಕೋಟೆ ಇರಬೇಕಿತ್ತು, ಇರಲಿಲ್ಲ.
ಸ್ಲೇಟು ಒರೆಸಿದಂತೆ ಒರೆಸಿತ್ತು ಮೋಡ,
ಮೂಲೆಯಲ್ಲಿ ಒಂದು ಬುರುಜು ಉಳಿಸಿ.

ಕೆಲಸದಲ್ಲಿ ನಾನು ಜೂನಿಯರ್ ಪವರ್‌ಮ್ಯಾನ್.
ಹೆಣ್ಣಾದರೂ ಆರ್ಡರಿನಲ್ಲಿ ಮ್ಯಾನೇ.
ಮಳೆ ಅಂದರೆ ನನಗೆ ಫೋನು:
ಮೆದೇಹಳ್ಳಿ ರಸ್ತೆಯಲ್ಲಿ ತಂತಿ ಹರಿದಿದೆ,
ಟೀಸಿ ಹತ್ತಿರ ಕಿಡಿ ಹಾರುತ್ತಿದೆ,
ಏನಮ್ಮಾ ಮಾರಕ್ಕಾ, ಎಷ್ಟೊತ್ತಿಗೆ ಬರುತ್ತೆ?
ಐದು ವರ್ಷದಲ್ಲಿ ಇದೇ ಮೊದಲು
ಯಾರ ಮನೆಯ ಕತ್ತಲೂ ಹೆಗಲ ಮೇಲಿಲ್ಲದೆ
ಸುಮ್ಮನೆ ನೆನೆದದ್ದು.

ಮೊದಲ ಓಟ ಐದು ಕಿಲೋಮೀಟರ್.
ಅದರ ಬಗ್ಗೆ ಹೇಳುವಂಥದ್ದೇನಿಲ್ಲ.
ಎಪ್ಪತ್ತು ಜನರ ಬೂಟು ನೀರು ಕುಡಿದು ಉಗಿಯುತ್ತ
ಕೆರೆಯಿಂದೆದ್ದ ಎಮ್ಮೆ ಮಂದೆಯ ಸದ್ದು.
ಚಂದ್ರವಳ್ಳಿಯ ತಿರುವಿನಲ್ಲಿ ಮೈ ಬಿಸಿಯಾಗಿ
ಅಂಗಿಯಿಂದ ಹಬೆ ಏಳುತ್ತಿತ್ತು,
ಇಷ್ಟೇನಾ, ಅಂದುಕೊಂಡೆ.

ಸೈಕಲ್ಲು ದೊಡ್ಡಬೋರಯ್ಯನ ಮಗನದು.
ಹೆಲ್ಮೆಟ್ಟು ಇಲಾಖೆಯದು, ಹಳದಿ.
ಇದು ನಡೆಯಲ್ಲ, ಅಂದರು ಛತ್ರಿ ಹಿಡಿದವರು.
ಬಿದ್ದರೆ ತಲೆ ಒಡೆಯೋದು ಒಂದೇ ತರ ಸಾರ್, ಅಂದೆ.
ಬಿಟ್ಟರು.

ಹೊಳಲ್ಕೆರೆ ರಸ್ತೆಗೆ ಬಿದ್ದದ್ದೇ
ಎದುರುಗಾಳಿ ಎದೆಗೆ ಅಂಗೈ ಇಟ್ಟು ನಿಲ್ಲಿಸಿತು.
ದೂರದ ಗುಡ್ಡದಲ್ಲಿ ಮೋಡದೊಳಗೆ
ಗಾಳಿಫ್ಯಾನುಗಳ ಒಂದೊಂದೇ ರೆಕ್ಕೆ ಇಳಿದು ಮುಳುಗುತ್ತಿತ್ತು.
ನನ್ನನ್ನು ಹಿಂದಕ್ಕೆ ತಳ್ಳುವ ಇದೇ ಗಾಳಿ
ಅಲ್ಲಿ ಕರೆಂಟಾಗಿ
ನಾಳೆ ನಾನೇ ಹತ್ತಬೇಕಾದ ಕಂಬಕ್ಕೆ ಬರುತ್ತದೆ.
ಬೈಯೋಣವೆಂದರೆ ಹಲ್ಲು ಕಟಕಟ.

ಹಿರಿಯೂರಿನ ಜುಬೇದಾ ಸರ್ರನೆ ದಾಟಿದಳು.
ಅವಳ ಹಿಂದಿನ ಚಕ್ರ ಚಿಮ್ಮಿದ ರಾಡಿ ನನ್ನ ಬಾಯಿಗೆ.
ಸಾರಿ ಅಕ್ಕಾ, ಅಂತ ಕೂಗಿದ್ದು
ಅವಳಿಗಿಂತ ಮುಂದೆ ಹೋಗಿ ಮಳೆಯಲ್ಲಿ ಕಳೆಯಿತು.
ರಸ್ತೆಗೊಂದು ರುಚಿಯಿದೆ, ಗೊತ್ತಿರಲಿಲ್ಲ,
ಡೀಸೆಲ್ಲು, ಕಬ್ಬಿಣ, ಸ್ವಲ್ಪ ಸಗಣಿ.

ಕಂಬ ನೋಡುವ ಚಟ ಬಿಡಲಿಲ್ಲ.
ಎಂಟನೆಯದರಲ್ಲಿ ಜಂಪರ್ ಸಡಿಲ,
ಹನ್ನೊಂದನೆಯದರಲ್ಲಿ ಪಿಂಗಾಣಿ ಬಿರುಕು.
ಇಳಿಯಲಿಲ್ಲ. ಮರೆಯದಿರಲೆಂದು
ಬಾಯಲ್ಲಿಟ್ಟುಕೊಂಡೆ: ಎಂಟು, ಹನ್ನೊಂದು,
ಎಂಟು, ಹನ್ನೊಂದು,
ಎಡಗಾಲು ಎಂಟು, ಬಲಗಾಲು ಹನ್ನೊಂದು.
ಇಪ್ಪತ್ತು ಕಿಲೋಮೀಟರ್ ತುಳಿದದ್ದು ಅದನ್ನೇ.

ಸೈಕಲ್ ಇಳಿದಾಗ ಬೆರಳುಗಳು ನನ್ನವಲ್ಲ.
ಕಂಬದ ತುದಿಯಲ್ಲಿ ಒಮ್ಮೆಯೂ ನಡುಗದವು
ಗದ್ದದ ಕೆಳಗಿನ ಒಂದು ಪಟ್ಟಿ ಬಿಚ್ಚಲಾರದೆ
ಗುದ್ದಾಡಿದವು.
ಸ್ವಯಂಸೇವಕ ಹುಡುಗ ಇಮ್ದಾದ್ ಕೈ ಚಾಚಿದ,
ನಾಚಿ ಹಿಂದೆಳೆದ, ಮತ್ತೆ ಚಾಚಿದ.
ಇರಲಿ ಬಿಡಪ್ಪ, ಅಂದೆ,
ಹಳದಿ ಹೆಲ್ಮೆಟ್ಟಿನಲ್ಲೇ ಓಡಿದೆ.

ಓಡಿದೆ ಅನ್ನೋದು ಮಾತಿಗೆ.
ಕಾಲುಗಳಿನ್ನೂ ಸೈಕಲ್ಲಿನ ಮೇಲೇ ಇದ್ದವು,
ನೆಲ ದುಂಡಗಿದೆಯೆಂದೇ ನಂಬಿದ್ದವು.
ಚಪ್ಪಟೆ ರಸ್ತೆಯನ್ನು ಅವಕ್ಕೆ
ಒಂದೊಂದೇ ಹೆಜ್ಜೆ ಹೇಳಿಕೊಡಬೇಕಾಯಿತು,
ಮಗ್ಗಿ ಬಾರದ ಮಗುವಿಗೆ ಹೇಳಿಕೊಟ್ಟ ಹಾಗೆ.

ಚಹಾದಂಗಡಿಯ ತಾಡಪಾಲಿನ ಕೆಳಗೆ
ನಾಲ್ಕು ಜನ ನಿಂತಿದ್ದರು, ಕೈಯಲ್ಲಿ ಲೋಟ.
ಚಪ್ಪಾಳೆ ತಟ್ಟುತ್ತಾರೆ ಅಂದುಕೊಂಡೆ.
ಒಬ್ಬ ಹೆಲ್ಮೆಟ್ಟು ನೋಡಿ ಕೂಗಿದ:
ಅಕ್ಕಾ, ನಮ್ಮ ಬೀದಿಗೆ ರಾತ್ರಿಯಿಂದ ಕರೆಂಟಿಲ್ಲ!
ನನ್ನಲ್ಲೂ ಇಲ್ಲ ಅಣ್ಣಾ, ಅಂದೆ.
ನಕ್ಕೆ. ನಗು ಪಕ್ಕೆಗೆ ಚಳುಕಾಗಿ ಹಿಡಿಯಿತು,
ಅದನ್ನೂ ಹೊತ್ತುಕೊಂಡೇ ಕೊನೆಯ ತಿರುವು.

ಗೆರೆ ಮಳೆಗೆ ಅಳಿಸಿಹೋಗಿತ್ತು.
ಎಲ್ಲಿ ಮುಗಿಯಿತೋ ತಿಳಿಯದೆ
ಇನ್ನೂ ಹತ್ತು ಹೆಜ್ಜೆ ಹೆಚ್ಚಿಗೇ ಓಡಿದೆ.
ನಂಬರು ಎಷ್ಟಮ್ಮಾ, ಅಂದರು
ಒದ್ದೆ ಪುಸ್ತಕ ಹಿಡಿದ ಅದೇ ಛತ್ರಿಯವರು.
ಎದೆ ನೋಡಿಕೊಂಡೆ.
ಮೂರು ಪಿನ್ನಿದ್ದವು, ಕಾಗದವಿರಲಿಲ್ಲ.

ಎಂಟು, ಹನ್ನೊಂದು, ಅಂದೆ.
ಅವರು ಹಾಗೆಯೇ ಬರೆದುಕೊಂಡರು.