ಶೇಕಡ ಒಂದೂವರೆ

ಬ್ಯಾಲರಾಟಿನ ಚಳಿಗೆ ಅಂಗಡಿಯ ಗಾಜು ಬೆವರಿದೆ.
ದ್ರಾಗಿತ್ಸಾ ನಾಲ್ಕನೆಯ ರಟ್ಟು ಕತ್ತರಿಸುತ್ತಾಳೆ.
ಮೊದಲನೆಯದರಲ್ಲಿ ಕ್ಷಮೆ ಜಾಸ್ತಿಯಾಯಿತು,
ಎರಡನೆಯದರಲ್ಲಿ ಬ್ಯಾಂಕಿನ ಮೇಲೆ ಸಿಟ್ಟು.
ಮೂರನೆಯದನ್ನೋದಿ ಮಗಳು ನಕ್ಕಳು:
"ಇದೇನಮ್ಮ, ಸಾವಿನ ಸುದ್ದಿಯೇ?"
ಈಗ ಇಷ್ಟೇ:
ಕಾರ್ಡಿಗೆ ಶೇಕಡ ಒಂದೂವರೆ.
ನಮಗೆ ತಗಲುವಷ್ಟೇ, ಕಾಸೂ ಹೆಚ್ಚಿಲ್ಲ.

ಹನ್ನೊಂದು ವರ್ಷ ಜೋಡು ಹೊಲಿದವಳು,
ಯಾರ ಹಿಮ್ಮಡಿ ಯಾವ ಕಡೆ ಸವೆಯುತ್ತದೆಂದು ಬಲ್ಲಳು;
ತನ್ನ ಸವೆತ ಕಂಡದ್ದು
ಮೊನ್ನೆ, ಲೆಕ್ಕದ ಪುಸ್ತಕದಲ್ಲಿ:
ಟಕ್ಕೆಂದು ತಾಗಿದ ಪ್ರತಿ ಕಾರ್ಡಿಗೂ
ಒಂದು ಚೂರು ಚರ್ಮ.

ಮೊದಲ ಗಿರಾಕಿ ಮೆರ್ವಿನ್. ಓದಿದ. ಕೆಮ್ಮಿದ.
ಕಾರ್ಡು ಒಳಗಿಟ್ಟು, ಕೋಟಿನ ಜೇಬೆಲ್ಲ ತಡಕಿ
ಚಿಲ್ಲರೆ ಸುರಿದ.
ಹನ್ನೆರಡು ಡಾಲರಿಗೆ ಇಪ್ಪತ್ತು ಸೆಂಟು ಕಡಿಮೆ.
ಕಾರ್ಡಾಗಿದ್ದರೆ ಹೋಗುತ್ತಿದ್ದದ್ದು ಹದಿನೆಂಟು.

"ಇರಲಿ ಬಿಡಿ" ಅಂದಳು,
ರಟ್ಟಿನ ಕಡೆ ನೋಡದೆ.