ಋಣ ಚಿಹ್ನೆ

ನಾಲ್ಕನೇ ಸಾಲಿನಲ್ಲಿ ಗೀಟೊಂದು ಬಿಟ್ಟುಹೋಗಿದೆ ಎಂದವನು
ಕೊನೆಯ ಬೆಂಚಿನ ತ್ಸೋತ್ನೆ.
ಕೈ ಎತ್ತಿರಲಿಲ್ಲ, ಎದ್ದು ನಿಂತಿರಲಿಲ್ಲ,
ಕಿಟಕಿಯಾಚೆ ರಿಯೋನಿ ನದಿ ಕಲ್ಲುಜ್ಜುವ ಸದ್ದಿನೊಳಗೆ
ಅರ್ಧ ತನಗೇ ಹೇಳಿಕೊಂಡ ಹಾಗೆ:
‘ಅಲ್ಲಿ ಋಣ ಚಿಹ್ನೆ ಬರಬೇಕಲ್ಲ, ಕಲ್ಬಾತೊನೊ ಲಮಾರಾ?’

ನಾನು ತಿರುಗಲಿಲ್ಲ. ಹಲಗೆಗೆ ಮುಖ ಮಾಡಿಯೇ ಅಂದೆ:
‘ರಾತ್ರಿ ನಿದ್ದೆ ಮಾಡಿ ಬಾ, ಚಿಹ್ನೆ ತಾನಾಗಿ ಕಾಣುತ್ತದೆ.’
ತರಗತಿ ನಕ್ಕಿತು.
ಮೂವತ್ತು ವರ್ಷದಲ್ಲಿ ಇಷ್ಟಂತೂ ಕಲಿತಿದ್ದೇನೆ,
ಯಾವ ಮಾತಿಗೆ ತರಗತಿ ನಗುತ್ತದೆ,
ಆ ನಗುವಿನ ಮರೆಯಲ್ಲಿ ಎಷ್ಟು ಬೇಗ ಹಲಗೆ ಒರೆಸಬಹುದು.

ಅವನು ರಾತ್ರಿಯಿಡೀ ಬೇಕರಿಯಲ್ಲಿ ದುಡಿಯುವುದು ನನಗೆ ಗೊತ್ತಿತ್ತು.
ಗೊತ್ತಿದ್ದೇ ಅಂದದ್ದು.

ನಾನು ಪಾಠ ಶುರುಮಾಡಿದ್ದು ಕರೆಂಟಿಲ್ಲದ ಚಳಿಗಾಲಗಳಲ್ಲಿ.
ಇದೇ ಕುತಾಯಿಸಿಯಲ್ಲಿ, ಇದೇ ಕೋಣೆಯಲ್ಲಿ
ಒಬ್ಬೊಬ್ಬರೂ ಒಂದೊಂದು ಸೌದೆ ತಂದು
ತಗಡಿನ ಒಲೆಗೆ ಹಾಕಿ ಕೂರುತ್ತಿದ್ದರು.
ಕೋಟು ಬಿಚ್ಚದೆ, ಕೈಗವುಸು ಬಿಚ್ಚದೆ,
ಶಾಖ ಬಿಸಿಯಿಂದ ತಣ್ಣನೆಯದಕ್ಕೆ ಹರಿಯುತ್ತದೆ ಎಂದು ಹೇಳಿಕೊಟ್ಟೆ.
ಯಾರೂ ಪುರಾವೆ ಕೇಳಲಿಲ್ಲ.
ಆಗ ಬರೆದ ಟಿಪ್ಪಣಿಯೇ ಇವತ್ತಿಗೂ:
ಮಸಿ ಹಬ್ಬಿದ ಹಾಳೆ, ಅಂಚಿಗೆಲ್ಲ ಮೇಣದ ಕಲೆ.
ಆ ಗೀಟಿನ ಮೇಲೇ ಒಂದು ಹನಿ ಬಿದ್ದಿರಬೇಕು.
ಇರಲಿ, ಮೇಣದ ಮೇಲೆ ಯಾಕೆ ಹಾಕಲಿ,
ಬಾಯಿಪಾಠವಾದದ್ದನ್ನು ಕಣ್ಣು ಓದುವುದಿಲ್ಲ.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಬಿಚ್ಚಿದೆ.
ನಾಲ್ಕನೇ ಸಾಲು. ಹೌದು. ಇಲ್ಲ.
ಕೈಕಾಲು ತಣ್ಣಗಾಯಿತು.
ವರ್ಷಕ್ಕೆ ನಲವತ್ತು ಮಂದಿ ಅಂದರೂ
ಸಾವಿರದಿನ್ನೂರು ನೋಟುಬುಕ್ಕು.
ಬತೂಮಿಯಲ್ಲಿ ಒಬ್ಬಳು ನನ್ನದೇ ಟಿಪ್ಪಣಿ ಹಿಡಿದು ಪಾಠ ಮಾಡುತ್ತಾಳೆ,
ಹೊಸವರ್ಷಕ್ಕೆ ತಪ್ಪದೆ ಫೋನು ಮಾಡುತ್ತಾಳೆ.
ಇಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲವೇ?
ಕೇಳಿದ್ದರೇನೋ.
ಇನ್ನಾವುದೋ ನಗುವಿನಲ್ಲಿ ಒರೆಸಿದ್ದೆನೇನೋ.

ಬುಧವಾರ ಒಪ್ಪಿಕೊಂಡೆ:
‘ಮೂವತ್ತು ವರ್ಷ ತಪ್ಪು ಹೇಳಿಕೊಟ್ಟಿದ್ದೇನೆ.’
ಎಲ್ಲರೂ ಅದನ್ನೂ ಬರೆದುಕೊಂಡರು.
ಎಕಾ ಕೆಂಪು ಮಸಿಯಲ್ಲಿ ಅಡಿಗೆರೆ ಎಳೆದಳು.
ಗೀಟು ಸೇರಿಸಿ ಕೆಳಗಿಳಿದೆ,
ಐದು, ಆರು, ಏಳು, ಎಂಟು,
ಕೊನೆಗೆ ಬಂದ ಉತ್ತರ ತಲೆಕೆಳಗು!
ಒತ್ತಿ ಹಿಂಡಿದ ಗಾಳಿ ತಣ್ಣಗಾಗುತ್ತದೆ ಅನ್ನುತ್ತಿತ್ತು ನನ್ನ ಹಲಗೆ.
ಸೈಕಲ್ಲಿಗೆ ಗಾಳಿ ಹೊಡೆದ ಹುಡುಗರಿಗೂ ಗೊತ್ತು
ಪಂಪು ಸುಡುತ್ತದೆಂದು.
ತಪ್ಪಿದ್ದಾಗ ಸರಿಯಿದ್ದದ್ದು
ತಿದ್ದಿದ ಮೇಲೆ ಕೆಟ್ಟಿತ್ತು.
ಗಂಟೆ ಹೊಡೆಯಿತು.
ಗಂಟೆಗೆ ನಾನು ಅಷ್ಟು ಋಣಿಯಾದದ್ದು ಅದೇ ಮೊದಲು.
ಕೊನೆಯ ಬೆಂಚು ಖಾಲಿಯಿತ್ತು.

ಸಂಜೆ ಬೇಕರಿಯ ಮುಂದೆ ನಿಂತೆ, ಎಲ್ಲರ ಹಿಂದೆ.
ಬಾವಿಯಂಥ ಮಣ್ಣೊಲೆಯೊಳಕ್ಕೆ ಸೊಂಟದವರೆಗೆ ಬಗ್ಗಿ
ಹಿಟ್ಟನ್ನು ಒಳಗೋಡೆಗೆ ಬಡಿಯುತ್ತಿದ್ದ ತ್ಸೋತ್ನೆ.
ಮುಂಗೈಯ ಕೂದಲೆಲ್ಲ ಸುಟ್ಟು ನುಣ್ಣಗೆ,
ಎಳೆಮಗುವಿನ ಕೈಯ ಹಾಗೆ.

‘ನಾಲ್ಕನೇ ಸಾಲು,’ ಅಂದೆ. ‘ನೀನು ಹೇಳಿದ್ದು ಸರಿ.’
ಅವನು ಕೊಕ್ಕೆಯಿಂದ ರೊಟ್ಟಿ ಕಿತ್ತು ಹಲಗೆಗೆ ಹಾಕಿದ.
‘ಏಳನೆಯದೂ. ಅಲ್ಲಿ ಒಂದು ಗೀಟು ಜಾಸ್ತಿ.
ಎರಡೂ ಸೇರಿ ಹೊಂದಿಕೊಂಡುಬಿಟ್ಟಿವೆ.
ಅವತ್ತೇ ಹೇಳುವವನಿದ್ದೆ.’
ಹಿಟ್ಟು ಉದುರಿದ ಮಣೆಯ ಮೇಲೆ ಬೆರಳಿನಿಂದ ಬರೆದು ತೋರಿಸಿದ,
ಪೂರ್ತಿಯಾಗುವ ಮೊದಲೇ
ಮುಂದಿನ ಉಂಡೆ ಬಂದು ಅದರ ಮೇಲೆ ಕೂತಿತು.

‘ಬುಧವಾರ...’ ಅಂದೆ.
‘ರಜೆ ಸಿಕ್ಕರೆ,’ ಅಂದ.

ರೊಟ್ಟಿ ಕೈ ಸುಡುತ್ತಿತ್ತು.
ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ
ಬದಲಾಯಿಸುತ್ತ ನಿಂತೇ ಇದ್ದೆ.
ಹಿಂದಿನಿಂದ ಯಾರೋ ಹೆಂಗಸು
‘ಆಯಿತಲ್ಲ? ಸಾಲು ಮುಂದೆ ಹೋಗಲಿ,’ ಅಂದಳು.