ಸೂಜಿಗಣ್ಣು

ಮೊದಲ ಬಾಟಲಿ ತರಿಸಿದವಳು ನಾನೇ.
ಹರ್ಮಟ್ಟಾನ್ ಗಾಳಿ ಕಾನೋ ಊರಿನ ಮೇಲೆಲ್ಲ
ಹಿಟ್ಟು ಜರಡಿ ಹಿಡಿದ ಹಾಗೆ ಧೂಳು ಉದುರಿಸುತ್ತಿತ್ತು,
ತಂಗಿ ಲಾದಿಗೆ ಎದೆ ಕಿತ್ತುಬರುವ ಕೆಮ್ಮು.
ನನ್ನ ಮಗ ಬಾಲಾ ಓಡಿಹೋಗಿ ತಂದ,
ಅಂಗಡಿಯವನು ಏನೂ ಕೇಳಲಿಲ್ಲ.
ಎರಡು ಚಮಚ. ನಿದ್ದೆ ಬಂತು.
ಬೆಳಿಗ್ಗೆ ಅವಳೆಂದಳು:
"ಅಕ್ಕಾ, ಯಾರೋ ನನ್ನನ್ನು ಬೆಚ್ಚಗೆ ಮಡಿಚಿಟ್ಟ ಹಾಗಿತ್ತು."
ನಾನು ನಕ್ಕೆ.

ನಾವು ಟೋಪಿ ಹೊಲಿಯುವವರು.
ಅಂಗಳ ದಾಟದೆ, ಬೇವಿನ ನೆರಳು ಸರಿದಂತೆ ಚಾಪೆ ಸರಿಸುತ್ತ
ಒಂದು ಟೋಪಿಗೆ ಒಂದು ತಿಂಗಳು,
ಸಾಸಿವೆಗಿಂತ ಚಿಕ್ಕ ತೂತು, ಸುತ್ತ ದಾರದ ಕಟ್ಟೆ.
ಲಾದಿಯ ಬಳ್ಳಿ ಎಂದೂ ದಾರಿ ತಪ್ಪಿದ್ದಲ್ಲ.
ಹಬ್ಬಕ್ಕೆ ಮುಂಚೆ ಗಂಡಸರು ಅವಳ ಕೈಯದ್ದೇ ಬೇಕೆಂದು
ಮಕ್ಕಳ ಕೈಲಿ ಹೇಳಿಕಳಿಸುತ್ತಿದ್ದರು.

ಕೆಮ್ಮು ಹೋಯಿತು. ಬಾಟಲಿ ಹೋಗಲಿಲ್ಲ.

ಗೊತ್ತಾಗಲಿಲ್ಲವೇ ಎಂದು ಕೇಳುತ್ತಾರೆ ಈಗ.
ಗೊತ್ತಾಗದಂತೆ ನೋಡಿಕೊಳ್ಳುವುದಕ್ಕೂ ಕೈಚಳಕ ಬೇಕು.
ಮೂಗು ಕೆರೆದುಕೊಂಡಳು, ಧೂಳು ಎಂದುಕೊಂಡೆ.
ಮೂರು ದಿನ ಹೊಟ್ಟೆ ಕಟ್ಟಿತು, ಜೋಳದ ಮುದ್ದೆ ಎಂದುಕೊಂಡೆ.
ಮಾತಿನ ನಡುವೆ ಗದ್ದ ಎದೆಗೆ ಬಿತ್ತು,
ರಾತ್ರಿ ಮಗು ಅತ್ತಿರಬೇಕು.
ಕರೆಯದ ಮದುವೆಗಳಿಗೂ ಹೊರಟಳು;
ಅಲ್ಲಿ ಹೆಂಗಸರ ಕೋಣೆಯಲ್ಲಿ ತಂಪು ಪಾನೀಯದ ಶೀಶೆಗೆ
ಇನ್ನೊಂದು ಶೀಶೆ ಬಗ್ಗುತ್ತದೆಂದು
ಎಲ್ಲರಿಗೂ ಗೊತ್ತು, ಯಾರಿಗೂ ಗೊತ್ತಿಲ್ಲ.
ನನ್ನ ಬೆಳ್ಳಿಯ ಕಡಗ ಕಾಣೆಯಾದಾಗ
ಇಲಿಯ ಮೇಲೆ ಹಾಕಿದೆ.
ಇಲಿ ಕಡಗ ತಿನ್ನುತ್ತದೆಯೆ?

ಒಂದು ಮಧ್ಯಾಹ್ನ ಸೂಜಿ ಅವಳ ಬೆರಳಿನೊಳಗೇ ನಿಂತಿತ್ತು.
ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕಿ ಅಗಲವಾಗುತ್ತಿತ್ತು.
ಅವಳು ನೋಡುತ್ತಿದ್ದಳು,
ಪಕ್ಕದ ಮನೆಯವರ ಒಲೆ ಉರಿಯುವುದನ್ನು ನೋಡುವ ಹಾಗೆ.
ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದೆ.
ಕೂತಿದ್ದು ನೆರಳಿನಲ್ಲಿ,
ಆದರೂ ಕಣ್ಣಪಾಪೆ ಸೂಜಿಗಣ್ಣಿನಷ್ಟೇ.
ಮೂವತ್ತು ವರ್ಷ ದಾರ ಪೋಣಿಸಿದವಳು ನಾನು,
ಅದರೊಳಗೆ ತೂರುವ ದಾರ ನನ್ನಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ತಲಾತು ಕೇಳುತ್ತ ಹೋದಳು.
ದಿನಕ್ಕೆ ಎಷ್ಟು? ಮೊದಲಿನಷ್ಟು ಈಗ ಸಾಲದೆ? ಬಚ್ಚಿಡುತ್ತಾಳೆಯೆ?
ಸಿಗದಿದ್ದರೆ ಮೈ ಬೆವರುತ್ತದೆಯೆ?
ಬಿಡುತ್ತೇನೆಂದು ಎಷ್ಟು ಸಲ ಆಣೆ?
ಒಂದೊಂದಕ್ಕೂ ಉತ್ತರ ನನ್ನ ಬಾಯಲ್ಲಿ ತಯಾರಿತ್ತು.
ಅಷ್ಟು ತಯಾರಿತ್ತೆಂಬುದಕ್ಕೇ ತಲೆ ತಗ್ಗಿಸಿದೆ.
"ಇದು ಕಾಯಿಲೆ, ಕೆಟ್ಟತನ ಅಲ್ಲ,"
ಬರೆದುಕೊಳ್ಳುತ್ತಲೇ ಅಂದಳು, ಈರುಳ್ಳಿಯ ಬೆಲೆ ಹೇಳುವ ದನಿಯಲ್ಲಿ.
ಮೊದಲ ಬಾಟಲಿ ಯಾರು ತಂದರು ಎಂದು ಕೇಳಲಿಲ್ಲ.

ನಾಲ್ಕನೆಯ ರಾತ್ರಿ ಲಾದಿ ನನ್ನನ್ನು ಬೈದಳು,
ಸತ್ತ ಅವ್ವನನ್ನೂ ಸೇರಿಸಿ.
ಮೂಗು ಸುರಿಯಿತು, ಕಾಲುಗಳು ತಾವೇ ಒದ್ದುಕೊಂಡವು,
ಆಕಳಿಕೆಯ ಮೇಲೆ ಆಕಳಿಕೆ, ಪುಕ್ಕ ಕಿತ್ತ ಕೋಳಿಯಂಥ ಮೈ.
ಲಾಂದ್ರ ಎತ್ತಿ ನೋಡಿದೆ:
ಪಾಪೆ ಈಗ ಬಾವಿ, ಕಟ್ಟೆಯಿಲ್ಲದ್ದು.

ಆ ಟೋಪಿ ನನ್ನ ಪೆಟ್ಟಿಗೆಯಲ್ಲಿದೆ.
ಬಳ್ಳಿ ನೆಟ್ಟಗೆ ಹೊರಟು, ಒಂದೆಡೆ ತೂಕಡಿಸಿ,
ಅಂಚು ದಾಟಿ ಎಲ್ಲಿಗೋ ಹೋಗುತ್ತದೆ.
ಕೊಳ್ಳಬೇಕಿದ್ದವನು ಎರಡು ಸಲ ಬಂದು ಹೋದ.
ನಿನ್ನೆ ಲಾದಿ ಕೇಳಿದಳು, ಕೈ ಇನ್ನೂ ನಡುಗುತ್ತಿತ್ತು:
"ಬಿಚ್ಚಲೋ, ಅಲ್ಲಿಂದಲೇ ಮುಂದುವರಿಸಲೋ?"

ಮೊದಲ ಬಾಟಲಿಯ ಮಾತು ನಾವಿಬ್ಬರೂ ಎತ್ತಿಲ್ಲ.
ಸೂಜಿ ಕೊಡಬಹುದೇ ಎಂದು ತಲಾತುವನ್ನು ಕೇಳಬೇಕು.
ಸದ್ಯಕ್ಕೆ ದಾರ ಕೊಟ್ಟಿದ್ದೇನೆ.
ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಸುತ್ತುತ್ತಾಳೆ.